ಈರಣ್ಣನ ಚರಗ ನಿಂತ ಗೆರೆ

ನಾನು ನಿವೃತ್ತಳಾಗುವುದಕ್ಕೆ ಇನ್ನೆರಡು ವರ್ಷ ಬಾಕಿ ಇತ್ತು. ಆಗ ಆದೋನಿಯಲ್ಲಿ ಸಣ್ಣ ನೀರಾವರಿಯ ಡೆಪ್ಯುಟಿ ಇಂಜಿನಿಯರ್ ಆಗಿದ್ದೆ. ಆಫೀಸಿನಲ್ಲಿ ಡಿ.ಇ. ಮೇಡಂ, ಹಳ್ಳಿಗಳಲ್ಲಿ ಕೆರಿ ಮೇಡಮ್ಮ. ಹುಟ್ಟಿದ್ದೂ ಇದೇ ಆದೋನಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಮೂರೂ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮವರು ಹೇಳುತ್ತಿದ್ದರು. ಸುಳ್ಳೇನಲ್ಲ.

ನಮ್ಮ ಕಡೆ ಪ್ರವಾಹ ನಿಯಂತ್ರಣದ ಕೆಲಸ ಅಂದರೆ ಹೊರಗಿನವರು ನಗುತ್ತಾರೆ. ಕುಡಿಯುವುದಕ್ಕೇ ನೀರಿಲ್ಲದ ಸೀಮೆಯಲ್ಲಿ ಪ್ರವಾಹ ಎಲ್ಲಿಂದ ಬಂತು ಅಂತ ಅವರ ಪ್ರಶ್ನೆ. ಬಂದು ನೋಡಬೇಕು. ಗುಡ್ಡಗಳೆಲ್ಲ ಬೋಳು, ಕೆಳಗೆ ಎರೆಭೂಮಿ. ವರ್ಷವೆಲ್ಲ ಮುನಿಸಿಕೊಂಡ ಮಳೆ ಒಂದು ಮಧ್ಯಾಹ್ನ ಮನಸ್ಸು ಮಾಡಿತೆಂದರೆ ಗುಡ್ಡದ ನೀರು ಒಂದೂ ಹನಿ ನಿಲ್ಲದೆ ಹಳ್ಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಕುರಿ ಮಲಗಿದ್ದ ಹಳ್ಳದಲ್ಲಿ ಸಂಜೆ ಎಮ್ಮೆ ಕೊಚ್ಚಿಹೋಗುತ್ತದೆ. ಅಷ್ಟೂ ನೀರು ತುಂಗಭದ್ರೆ ಸೇರಿಕೊಂಡ ಮೇಲೆ ಮತ್ತೆ ನಾವು ಆಕಾಶ ನೋಡುವುದು.

ನಾನು ಹೇಳಹೊರಟದ್ದು ದೇವನಕೊಂಡ ಕಡೆಯ ಒಂದು ಊರಿನ ಕೆಲಸ. ಊರಿನ ಹೆಸರು ಬೇಡ. ಅಲ್ಲಿಯವರು ಇವತ್ತಿಗೂ ಹೊಸ ಕಡಲೆ ಬಂದಾಗ ನನಗೆ ಒಂದು ಚೀಲ ಕಳಿಸುತ್ತಾರೆ, ಹೆಸರು ಹಾಕಿದೆನೆಂದು ನಿಲ್ಲಿಸಿಬಿಟ್ಟಾರು. ಊರ ಪಕ್ಕದಲ್ಲೇ ಒಂದು ಹಳ್ಳ. ಸರ್ಕಾರಿ ಕಾಗದದಲ್ಲಿ ತೆಲುಗಿನ ಮಾತು, ‘ವಂಕ’. ಅದರ ಕೆಳಗೆ ಒಂದು ಹಳೆಯ ಕೆರೆ. ನಮ್ಮ ಯೋಜನೆ ಸರಳವಾಗಿತ್ತು: ಮೇಲೆ ಗುಡ್ಡದ ಬುಡದಲ್ಲಿ ಎರಡು ಚೆಕ್‌ಡ್ಯಾಂ ಕಟ್ಟಿ ನೀರಿನ ಓಟಕ್ಕೆ ಕಡಿವಾಣ ಹಾಕುವುದು, ನಡುವೆ ಹಳ್ಳವನ್ನು ಅದರ ಹಳೆಯ ಅಗಲಕ್ಕೆ ತೆರೆಯುವುದು, ಕೆಳಗೆ ಕೆರೆಯ ಹೂಳು ತೆಗೆದು ಆ ನೀರನ್ನು ಹಿಂಗಾರಿ ಬೆಳೆಗೆ ಉಳಿಸಿಕೊಳ್ಳುವುದು. ಮೇಲಿನ ಕೆಲಸಕ್ಕೂ ಕೆಳಗಿನ ಕೆಲಸಕ್ಕೂ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ನಡುವೆ, ಈರಣ್ಣನ ಹೊಲದಲ್ಲಿ.

ಎಷ್ಟು ದೊಡ್ಡ ಮಳೆಗೆ ಎಷ್ಟು ನೀರು ಬರುತ್ತದೆ, ಅದು ಹರಿಯುವುದಕ್ಕೆ ಎಷ್ಟು ಅಗಲ ಬೇಕು ಎಂದು ನಾವು ಮೊದಲು ಲೆಕ್ಕ ಹಾಕುತ್ತೇವೆ. ಇದನ್ನು ಡಿಸ್ಚಾರ್ಜ್ ಲೆಕ್ಕ ಎನ್ನುತ್ತಾರೆ. ನನ್ನ ಲೆಕ್ಕಕ್ಕೆ ಊರ ಬಳಿ ಹಳ್ಳಕ್ಕೆ ಹದಿನೆಂಟು ಮೀಟರ್ ಅಗಲ ಬೇಕಿತ್ತು. ಇದ್ದದ್ದು ಏಳು. ಉಳಿದ ಜಾಗದಲ್ಲಿ ಈರಣ್ಣನ ಬಿಳಿಜೋಳ ತೂಗುತ್ತಿತ್ತು. ಹಳ್ಳ ಅಲ್ಲಿ ಇಕ್ಕಟ್ಟಾಗಿ, ಹೋಗಲು ದಾರಿ ಸಿಗದೆ, ಆಚೆ ದಂಡೆ ಹತ್ತಿ ಕೆಳಗೇರಿಗೆ ನುಗ್ಗುತ್ತಿತ್ತು. ಕೆಳಗೇರಿಯ ಮೊದಲನೇ ಮನೆ ಲಕ್ಷ್ಮವ್ವನದು. ಲಕ್ಷ್ಮವ್ವ ಈರಣ್ಣನ ಸ್ವಂತ ತಂಗಿ.

ಲಕ್ಷ್ಮವ್ವನಿಗೆ ಗಂಡ ಇರಲಿಲ್ಲ, ಹೊಲ ಇರಲಿಲ್ಲ. ಇದ್ದದ್ದು ಆ ಮನೆ. ಮನೆಯ ಮುಂದಿನ ಪಡಸಾಲೆಯೇ ಹೋಟೆಲು. ಎದುರಿಗೇ ಬಸ್ಸು ನಿಲ್ಲುತ್ತದೆ. ಆಕೆಯ ಉಗ್ಗಾಣಿ, ಮಿರ್ಚಿ ಬಜ್ಜಿ ತಿನ್ನದೆ ಆ ರೂಟಿನ ಡ್ರೈವರು ಗಾಡಿ ತೆಗೆಯುತ್ತಿರಲಿಲ್ಲ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಕೊಡುವುದು ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಆಕೆ ಕೊಟ್ಟರೆ ಮಾತ್ರ ಇನ್ನೊಂದು ಪ್ಲೇಟು ಕೇಳಬೇಕೆನಿಸುತ್ತಿತ್ತು. ನನಗಂತೂ ಆ ಊರಿಗೆ ಇನ್‌ಸ್ಪೆಕ್ಷನ್ ಅಂದರೆ ಜೀಪು ಹತ್ತುವ ಮೊದಲೇ ಬಾಯಲ್ಲಿ ನೀರು. ಹಿಂದಿನ ವರ್ಷದ ಮಳೆಗೆ ಹಳ್ಳ ಆಕೆಯ ಮನೆಯೊಳಗೆ ಸೊಂಟದವರೆಗೆ ಬಂದು, ಒಲೆ ಕರಗಿಸಿ, ಮಂಡಕ್ಕಿ ಮೂಟೆಗಳನ್ನು ತೇಲಿಸಿಕೊಂಡು ಹೋಗಿತ್ತು. ಆವತ್ತಿನಿಂದ ಅಣ್ಣ ತಂಗಿಯರ ನಡುವೆ ಮಾತಿಲ್ಲ.

ಗ್ರಾಮಸಭೆ ಕರೆದೆ. ಈರಣ್ಣ ಮುಂದೆಯೇ ಕೂತಿದ್ದ. ಒಳ್ಳೆಯ ಮನುಷ್ಯ. ಬಂದವರಿಗೆ ಉಣ್ಣಿಸದೆ ಕಳಿಸಿದವನಲ್ಲ, ಜಾತ್ಯತೀತವಾಗಿ ಎಲ್ಲರನ್ನೂ ಬೈಯುವವನು.

"ನಮ್ಮಪ್ಪನ ಕಾಲದಿಂದ ಬಿತ್ತೀವ್ರಿ ಮೇಡಮ್ಮಾರ. ವಂಕ ಅಲ್ಲಿ ಹರದದ್ದು ನಾ ಕಣ್ಣಿಲೆ ಕಂಡಿಲ್ಲ," ಅಂದ.

ಹೆಂಗಸರ ಸಾಲಿನಿಂದ ಲಕ್ಷ್ಮವ್ವನ ದನಿ ಬಂತು. ಆಕೆ ಅಣ್ಣನ ಕಡೆ ನೋಡದೆ ನನಗೇ ಹೇಳಿದಳು: "ಅಂವ ಕಂಡಿಲ್ಲಂತ, ಬಿಡ್ರಿ. ನನ್ನ ಮನ್ಯಾಗ ಹರದದ್ದು ಊರೆಲ್ಲ ಕಂಡೈತಿ."

ಸಭೆ ನಕ್ಕಿತು. ಈರಣ್ಣ ಟವೆಲು ಕೊಡವಿ ಎದ್ದು ಹೋದ.

ನಕಾಶೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ನಕಾಶೆಯನ್ನು ನೆಲಕ್ಕೆ ಇಳಿಸಬೇಕಾದರೆ ಗಡಿಕಲ್ಲು ಬೇಕು. ಆ ದಂಡೆಯ ಕಲ್ಲುಗಳು ಯಾವ ಪ್ರವಾಹಕ್ಕೆ ಹೋದವೋ, ಯಾರ ಮನೆಯ ಪಾಯಕ್ಕೆ ಹೋದವೋ. ಸರ್ವೇಯರು ಒಂದು ಸಲ ಅಳೆದರೆ ಒಂದು ಗೆರೆ ಬಂತು, ಇನ್ನೊಂದು ಕಲ್ಲಿನಿಂದ ಅಳೆದರೆ ಇನ್ನೊಂದು. ಈರಣ್ಣ ಕೋರ್ಟಿಗೆ ಹೋಗುತ್ತೇನೆ ಅಂದ. ಹೋದರೆ ಕೇಸು ಮುಗಿಯುವ ಹೊತ್ತಿಗೆ ನನ್ನ ಪೆನ್ಷನ್ನೂ ಮುಗಿದಿರುತ್ತಿತ್ತು.

ನಮ್ಮ ಮೇಲಧಿಕಾರಿ ತೆಲುಗಿನವರು, ಕೆಲಸ ಬೇಗ ಮುಗಿಯಬೇಕೆನ್ನುವವರು. ಫೈಲು ನೋಡಿ, "ಇಳ್ಳು ಮಾರ್ಚಡಮೇ ಸುಲಭಂ ಮೇಡಂ," ಅಂದರು. ಹಳ್ಳ ಅಗಲ ಮಾಡುವುದಕ್ಕಿಂತ ಮನೆಗಳನ್ನು ಎತ್ತಿಸುವುದೇ ಸುಲಭ ಅಂತ. ಕೆಳಗೇರಿಯನ್ನು ಮುಳುಗಡೆ ಜಾಗವೆಂದು ಬರೆದು, ಜನರಿಗೆ ದಿನ್ನೆಯ ಮೇಲೆ ಸೈಟು ಕೊಟ್ಟರಾಯಿತು. ಅವರು ಕೆಟ್ಟವರಲ್ಲ. ಇನ್ನೊಂದು ಮಳೆಗಾಲಕ್ಕೆ ಯಾರಾದರೂ ಸತ್ತರೆ ಏನು ಗತಿ ಎಂಬ ಭಯ ಅವರಿಗೂ ಇತ್ತು, ನನಗೂ ಇತ್ತು. ಸಂಕ್ರಾಂತಿಯೊಳಗೆ ಅಗಲವೋ, ಸ್ಥಳಾಂತರವೋ, ಒಂದನ್ನು ಬರೆದು ಕಳಿಸಿ ಎಂದರು.

ಈ ಮಾತನ್ನು ಲಕ್ಷ್ಮವ್ವನಿಗೆ ನಾನೇ ಹೇಳಿದೆ. ಆಕೆ ಬಜ್ಜಿ ತಿರುವುತ್ತಿದ್ದಳು. ತಿರುವುತ್ತಲೇ ಇದ್ದಳು.

"ದಿನ್ನಿ ಮ್ಯಾಲೆ ಬಸ್ಸು ಬರತೈತೇನ್ರಿ?"

"ಇಲ್ಲ."

"ಮತ್ತ ಅಲ್ಲಿ ನನ್ನ ಉಗ್ಗಾಣಿ ಯಾರು ತಿಂತಾರ? ನಾಯಿನೂ ಹತ್ತಂಗಿಲ್ಲ." ಬಜ್ಜಿ ಎತ್ತಿ ಪಾತ್ರೆಗೆ ಹಾಕಿ ಕೇಳಿದಳು, "ನೀವು ಬರ್ತೀರೇನು ಅಲ್ಲಿಗೆ?"

ನಾನು ಬರುತ್ತೇನೆ ಅಂದೆ. ಮಂಡಿನೋವಿನವಳು ಆ ದಿನ್ನೆ ಹತ್ತುವುದು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಆವತ್ತು ಆದೋನಿಗೆ ವಾಪಸು ಬರುವಾಗ ಜೀಪಿನಲ್ಲಿ ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳುವುದೇನಿದೆ.

ಹೀಗಿರುವಾಗ ಎಳ್ಳಮಾಸಿ ಬಂತು. ಎಳ್ಳು ಅಮಾವಾಸ್ಯೆ ನಮ್ಮ ಕಡೆಯ ರೈತರಿಗೆ ಎಲ್ಲ ಹಬ್ಬಕ್ಕಿಂತ ಮೇಲು. ಆವತ್ತು ಊರಿಗೆ ಊರೇ ಹೊಲದಲ್ಲಿ ಊಟ ಮಾಡುತ್ತದೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿ ಹೆಂಗಸು. ಆಕೆಯ ಬಯಕೆ ತೀರಿಸುವುದಕ್ಕೆ ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಎಲ್ಲಿಯವರೆಗೆ ನಮ್ಮ ಭೂಮಿಯೋ ಅಲ್ಲಿಯವರೆಗೆ ಚೆಲ್ಲಬೇಕು, ಒಂದು ಮೂಲೆ ಬಿಟ್ಟರೂ ಆಕೆ ಉಪವಾಸ ಉಳಿದಂತೆ.

ಹಿಂದಿನ ದಿನ ಈರಣ್ಣ ಫೋನು ಮಾಡಿದ. "ಮೇಡಮ್ಮಾರ, ನಾಳಿ ಚರಗಕ್ಕ ಬರ್ರಿ. ಜಗಳ ಸಂಕ್ರಾಂತಿ ಮುಂದ ಮಾಡೋಣು. ಟೇಪು ತರಬ್ಯಾಡ್ರಿ, ಜಹೀರನ್ನ ತರ್ರಿ." ಜಹೀರ್ ನನ್ನ ವರ್ಕ್ ಇನ್‌ಸ್ಪೆಕ್ಟರು, ಕಾಮಗಾರಿ ಮೇಲೆ ನಿಂತು ನೋಡಿಕೊಳ್ಳುವವನು. ಹೋಳಿಗೆ ಎಷ್ಟಿದ್ದರೂ ಸಾಲದು ಅವನಿಗೆ.

ಹೋಗುವಾಗ ಲಕ್ಷ್ಮವ್ವನ ಹೋಟೆಲಿನ ಮುಂದೆ ಜೀಪು ನಿಲ್ಲಿಸಿದೆ. ಹಬ್ಬದ ದಿನ ಊರು ಖಾಲಿ, ಆಕೆ ಒಬ್ಬಳೇ ತಣ್ಣನೆಯ ಒಲೆಯ ಮುಂದೆ ಕೂತಿದ್ದಳು. ಹೊಲ ಇಲ್ಲದವಳು ವರ್ಷವರ್ಷವೂ ಅಣ್ಣನ ಹೊಲಕ್ಕೇ ಹೋಗುತ್ತಿದ್ದಳು. ಹಿಂದಿನ ವರ್ಷ ಹೋಗಿರಲಿಲ್ಲ.

"ಲಕ್ಷ್ಮವ್ವಾ, ಹೊಲದ ದಾರಿ ತೋರ್ಸು ಬಾ."

"ವಾರಕ್ಕೆರಡು ಸಲ ಹೋಗ್ತೀರಲ್ರಿ!"

"ಅದು ಜಗಳಕ್ಕ ಹೋಗೋ ದಾರಿ. ಊಟಕ್ಕ ಹೋಗೋದು ಗೊತ್ತಿಲ್ಲ."

"ಏನು ಹೆಂಗಸ್ರೀ ನೀವು," ಎಂದು ಬೈಯುತ್ತಲೇ ಸೆರಗು ಸರಿಮಾಡಿಕೊಂಡು ಜೀಪು ಹತ್ತಿದಳು. ಜಹೀರ್ ಮುಂದಿನ ಸೀಟಿನಿಂದ ತಿರುಗಿ, "ಅಕ್ಕಾ, ಬಜ್ಜಿ ಇಟ್ಕೊಂಡ್ಯಾ?" ಅಂದ. ಬೈಗುಳ ಅವನ ಕಡೆಗೆ ತಿರುಗಿತು.

ಹೊಲದಲ್ಲಿ ನಮ್ಮನ್ನು ನೋಡಿ ಈರಣ್ಣ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ತಂಗಿಗೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಆತನ ಹೆಂಡತಿ ಬಸಮ್ಮ ಜಾಣೆ. ಏನೂ ಆಗದವಳಂತೆ ಬಂದು, ನೀರು ತುಂಬಿದ ತಂಬಿಗೆಯನ್ನು ಲಕ್ಷ್ಮವ್ವನ ಕೈಗಿಟ್ಟು ಹೋದಳು. ಚರಗ ಚೆಲ್ಲುವವನ ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಹೋಗಬೇಕು. ಸಣ್ಣವರಿದ್ದಾಗಿನಿಂದ ಆ ಮನೆಯಲ್ಲಿ ಅದು ಲಕ್ಷ್ಮವ್ವನ ಕೆಲಸ.

ಈರಣ್ಣ ಬುಟ್ಟಿ ಎತ್ತಿಕೊಂಡ. "ಹುಲ್ಲುಲ್ಲಿಗೋ..." ಎಂದು ಕೂಗಿ ಒಂದು ಹಿಡಿ ಚೆಲ್ಲಿದ. ಹಿಂದಿನಿಂದ ತಂಗಿ ನೀರು ಚಿಮುಕಿಸಿ "ಸುರಾಂಬಳಿಗೋ..." ಎಂದಳು. ಆ ಮಾತಿನ ಅರ್ಥ ಕೇಳಿದರೆ ಯಾರೂ ಹೇಳುವುದಿಲ್ಲ, ಕೂಗದಿದ್ದರೆ ಮಾತ್ರ ಹಬ್ಬವಲ್ಲ. ಒಂದು ವರ್ಷ ಮಾತು ಬಿಟ್ಟ ಅಣ್ಣ ತಂಗಿಯರು ಒಬ್ಬರ ಕೂಗಿಗೆ ಒಬ್ಬರು ಓಗೊಡುತ್ತ ಹೊಲ ಸುತ್ತುವುದನ್ನು ನೋಡುತ್ತ ನಾನೂ ಹಿಂದೆ ನಡೆದೆ.

ಮೂಡಲ ಬದು ಮುಗಿಯಿತು, ರಸ್ತೆ ಕಡೆಯ ಬದು ಮುಗಿಯಿತು. ಈಗ ಹಳ್ಳದ ಕಡೆ. ಆಳೆತ್ತರದ ಜೋಳ. ಈರಣ್ಣ ಹಳ್ಳದವರೆಗೆ ಹೋಗಿ ತಿರುಗುತ್ತಾನೆ ಎಂದುಕೊಂಡಿದ್ದೆ. ಹೋಗಲಿಲ್ಲ. ಇನ್ನೂ ಬೇಕಾದಷ್ಟು ಜೋಳ ಮುಂದೆ ಇರುವಂತೆಯೇ, ಬೆಳೆಯ ನಡುವೆ, ಗಕ್ಕನೆ ಪಕ್ಕಕ್ಕೆ ತಿರುಗಿಬಿಟ್ಟ. ಅಲ್ಲಿ ಬದು ಇಲ್ಲ, ಕಲ್ಲಿಲ್ಲ, ಒಂದು ಗಿಡವೂ ಇಲ್ಲ. ಆದರೂ ಯಾರೋ ಹಗ್ಗ ಎಳೆದು ಕೊಟ್ಟವರ ಹಾಗೆ, ಸಾಲುಗಳನ್ನು ಅಡ್ಡ ದಾಟುತ್ತ, ಈಚೆ ಬದಿಗೆ ಮಾತ್ರ ಚರಗ ಚೆಲ್ಲುತ್ತ ನೆಟ್ಟಗೆ ನಡೆದ. ತಂಗಿಯೂ ಅಲ್ಲೇ ತಿರುಗಿದಳು. ಅವಳ ಕಾಲಿಗೂ ಆ ಗೆರೆ ರೂಢಿ.

ನನಗೆ ತಡೆಯಲಾಗಲಿಲ್ಲ. ಆಚೆ ಜೋಳ ತೋರಿಸಿ ಕೇಳಿಯೇಬಿಟ್ಟೆ: "ಈರಣ್ಣಾ, ಅದೂ ನಿಮ್ಮ ಬೆಳಿನಾ ಅಲ್ಲೇನು? ಅಲ್ಲಿ ಯಾಕ ಚೆಲ್ಲಲಿಲ್ಲ?"

ಕೈಯಲ್ಲಿ ಚರಗ ಹಿಡಿದುಕೊಂಡೇ, ಹಿಂದುಮುಂದು ನೋಡದೆ ಹೇಳಿದ: "ಅದು ಗಂಗಮ್ಮನ ಜಾಗಾರೀ. ಭೂಮ್ತಾಯಿ ಚರಗ ಅಲ್ಲಿ ಹಾಕಬಾರದು. ಅಪ್ಪ ಹೇಳ್ಯಾನ."

ಹೇಳಿ ಮುಗಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಬಾಯಿ ಹಾಗೇ ತೆರೆದಿತ್ತು. ಜಹೀರ್ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಅಪ್ಪ ಹಳ್ಳದ ಹೊಟ್ಟೆಗೆ ಮಣ್ಣು ತುಂಬಿ ಬಿತ್ತಿದ್ದ, ಮಗ ಅದನ್ನೇ ಬಿತ್ತುತ್ತ ಬಂದಿದ್ದ. ಸಭೆಯಲ್ಲಿ ವಾದಿಸುವುದಕ್ಕೂ ಸರ್ವೇಯರನ್ನು ದಬಾಯಿಸುವುದಕ್ಕೂ ಅವರಿಗೆ ಧೈರ್ಯ ಇತ್ತು. ಎಳ್ಳಮಾಸಿಯ ದಿನ ಆ ಗೆರೆ ದಾಟಿ ಒಂದು ಹಿಡಿ ಚೆಲ್ಲುವ ಧೈರ್ಯ ಮಾತ್ರ ತಂದೆಗೂ ಇರಲಿಲ್ಲ, ಮಗನಿಗೂ ಇಲ್ಲ. ಆವತ್ತು ಎಲ್ಲರೂ ತಂತಮ್ಮ ಹೊಲದಲ್ಲಿರುತ್ತಾರೆ, ಆಳೆತ್ತರದ ಬೆಳೆ ಬೇರೆ. ನೋಡುವವರು ಯಾರು?

ತಂಬಿಗೆ ಹಿಡಿದು ನಿಂತಿದ್ದ ಲಕ್ಷ್ಮವ್ವ ಮೆಲ್ಲಗೆ ಅಂದಳು: "ನಾನೂ ಸಣ್ಣಾಕಿ ಇದ್ದಾಗಿಂದ ಇಲ್ಲೇ ತಿರಗೀನಿ, ಅಣ್ಣ. ಯಾಕಂತ ಒಂದಿನಾನೂ ಕೇಳಿಲ್ಲ." ಆಮೇಲೆ ಆಚೆ ಜೋಳದ ಕಡೆ ಕೈ ತೋರಿಸಿದಳು. "ಆಕಿ ಜಾಗಾದಾಗ ನೀ ಜ್ವಾಳ ಬಿತ್ತಿದ್ರ ಆಕಿ ಎಲ್ಲಿಗೆ ಹೋಗಬೇಕು? ನನ್ನ ಮನಿಗೆ ಬರ್ತಾಳ."

ಈರಣ್ಣ ಬುಟ್ಟಿ ಸೊಂಟಕ್ಕೇರಿಸಿ ಮುಂದೆ ನಡೆದ. ಚರಗ ಪೂರ್ತಿ ಮಾಡಿದ, ಕೂಗು ಮಾತ್ರ ಹೊರಡಲಿಲ್ಲ. ಬನ್ನಿಗಿಡದ ಕೆಳಗೆ ನಮ್ಮ ಮುಂದೆ ಎಲೆ ಹಾಕಿ, ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾದ ಹೋಳಿಗೆ ತಾನೇ ಬಡಿಸಿದ. ಬಡಿಸುತ್ತ ನನ್ನ ಮೇಲೆ ಹರಿಹಾಯ್ದ.

"ಊಟಕ್ಕ ಕರದ್ರ ಸರ್ವೆ ಮಾಡಿದ್ರಲ್ಲ ಮೇಡಮ್ಮಾರ! ಉಂಡ ಮನಿ ಜಂತಿ ಎಣಿಸಬಾರದಂತಾರ."

ನನಗೂ ಸಿಟ್ಟು ಬಂತು. "ಏ ಈರಣ್ಣಾ, ನಾನು ಎಣಿಸಿಲ್ಲ. ನೀನ ಎಣಿಸಿ ತೋರಿಸೀದಿ," ಅಂದೆ. ಆಮೇಲೆ ದನಿ ತಗ್ಗಿಸಿ ಹೇಳಿದೆ: "ಕೇಳಿಲ್ಲಿ. ಇವತ್ತು ನೋಡಿದ್ದನ್ನ ನಾ ಫೈಲಿನಾಗ ಬರೆಯಂಗಿಲ್ಲ. ನಿನ್ನ ದೇವರ ಕೆಲಸ ನನ್ನ ಸಾಕ್ಷಿ ಅಲ್ಲ. ಹಳ್ಳದ ಜಾಗದ ಮಾತು ನಿನ್ನ ತಂಗಿ ಜೊತಿ ನೀನ ಆಡು."

ಜಹೀರ್ ಹೋಳಿಗೆ ಕೈಯಲ್ಲಿ ಹಿಡಿದು ಗಾಬರಿಯಿಂದ ನೋಡುತ್ತಿದ್ದ. ದಾರಿಯಲ್ಲಿ ಕೇಳಿಯೂ ಕೇಳಿದ: "ಮೇಡಂ, ಸಿಕ್ಕಿದ್ದ ಬಿಟ್ಟುಬಿಟ್ರಲ್ಲ!" ನಾನೇನು ಹೇಳಲಿ? ಹೊಲದ ಪೂಜೆಯನ್ನು ಆಫೀಸಿನ ಪುರಾವೆ ಮಾಡಿದರೆ ಮುಂದಿನ ವರ್ಷದಿಂದ ಊರಿನವರೆಲ್ಲ ಅಧಿಕಾರಿಗಳಿಗೆ ಹೆದರಿ ಚರಗ ಚೆಲ್ಲುತ್ತಾರೆ. ಹಳ್ಳ ಅಗಲವಾಗಬೇಕು, ನಿಜ. ಹಾಗಂತ ಭೂಮಿತಾಯಿಯ ಮುಂದೆ ಸುಳ್ಳಾಡಲಾರದ ಆ ನಾಚಿಕೆ ಒಂದು ಉಳಿದಿದೆಯಲ್ಲ, ಅದನ್ನು ನಾನು ಕೆಡಿಸಲಾರೆ. ಆದರೂ ಸಂಕ್ರಾಂತಿ ಹತ್ತಿರವಾದಂತೆಲ್ಲ ನನಗೆ ಊಟ ಸೇರಲಿಲ್ಲ. ಟೇಬಲ್ಲಿನ ಮೇಲೆ ಸ್ಥಳಾಂತರದ ಕಾಗದ ಟೈಪಾಗಿ ಕೂತಿತ್ತು, ನನ್ನ ಸಹಿಯೊಂದೇ ಬಾಕಿ.

ಗಡುವು ಇನ್ನೇನು ಮುಗಿಯಬೇಕು, ಈರಣ್ಣನ ಫೋನು ಬಂತು. "ಬರ್ರಿ. ಈ ಸಲ ಟೇಪು ತರ್ರಿ."

ಹೋದೆ. ಜೋಳ ಇನ್ನೂ ನಿಂತಿತ್ತು. ಅದರ ನಡುವೆ, ಚರಗ ತಿರುಗಿದ ಗೆರೆಗುಂಟ, ತೆನೆ ತುಂಬಿದ ದಂಟನ್ನು ಕಿತ್ತು ಪಕ್ಕಕ್ಕೆ ಒಟ್ಟಿ, ಎತ್ತು ಹೂಡಿ ಒಂದೇ ಒಂದು ಸಾಲು ನೇಗಿಲು ಹೊಡೆದಿದ್ದ. ಈ ತುದಿಯಿಂದ ಆ ತುದಿಗೆ ಕರಿಮಣ್ಣಿನ ಹಸಿ ಸಾಲು. ಎರೆಭೂಮಿಯ ರೈತ ತೆನೆಯ ಮೇಲೆ ನೇಗಿಲು ಹೊಡೆಯುವುದು ಎಂಥಾ ಮಾತು ಎಂದು ಬಲ್ಲವರು ಬಲ್ಲರು.

"ಸುಗ್ಗಿ ಮಾಡ್ಕೊಂತೀನಿ. ಆಮ್ಯಾಲೆ ಆಚಿಕಡಿದು ಆಕಿಗೆ," ಅಂದ. ಆಕಿ ಅಂದದ್ದು ಗಂಗಮ್ಮನಿಗೋ ತಂಗಿಗೋ ನಾನು ಕೇಳಲಿಲ್ಲ.

ಕೆಳಗೇರಿ ದಂಡೆಯಿಂದ ಆ ಸಾಲಿನವರೆಗೆ ಟೇಪು ಹಿಡಿದೆವು. ಹದಿನಾರು ಮೀಟರ್ ಬಂತು. ನನ್ನ ಲೆಕ್ಕಕ್ಕೆ ಎರಡು ಕಮ್ಮಿ. ಮೆಲ್ಲಗೆ ಕೆಮ್ಮಿ, ಇನ್ನೆರಡು ಮೀಟರ್ ಸಿಕ್ಕರೆ ಎಂದು ಶುರುಮಾಡಿದೆನೋ ಇಲ್ಲವೋ, ಈರಣ್ಣ ಕೆಂಡವಾದ. "ಗಂಗಮ್ಮನೇ ಇಷ್ಟು ಸಾಕು ಅಂದಾಳ, ನಿಮ್ಮ ಇಂಜಿನೀರಿಂಗು ಆಕಿಗಿಂತ ದೊಡ್ಡದೇನ್ರಿ? ಒಂದು ಗೇಣು ಕೊಡಂಗಿಲ್ಲ!" ಜಹೀರ್ ಬಿದ್ದು ಬಿದ್ದು ನಕ್ಕ. ನಾನು ಆಫೀಸಿಗೆ ಬಂದು ಡ್ರಾಯಿಂಗು ಬದಲಿಸಿದೆ. ಹಳ್ಳದ ತಳ ಸ್ವಲ್ಪ ಇಳಿಸಿ, ಕೆಳಗೇರಿ ಕಡೆಯ ದಂಡೆಗೆ ಕಲ್ಲುಕಟ್ಟಡ ಕೊಟ್ಟೆ. ಇದನ್ನು ರಿವೆಟ್‌ಮೆಂಟ್ ಎನ್ನುತ್ತಾರೆ, ನೀರು ದಂಡೆ ಕೊರೆಯದಂತೆ ತಡೆಯುವ ಗೋಡೆ. ಈರಣ್ಣ ಬರೆದುಕೊಟ್ಟ ಒಪ್ಪಿಗೆ ಸೇರಿಸಿ ಪ್ರಸ್ತಾವ ಕಳಿಸಿದೆ. ಸ್ಥಳಾಂತರದ ಕಾಗದವನ್ನು ಹರಿದು ಕಸದ ಬುಟ್ಟಿಗೆ ಹಾಕುವಾಗ ಆದ ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಕೆಲಸ ಬೇಸಿಗೆಯಲ್ಲಿ ಮುಗಿಯಿತು. ಮುಂಗಾರು ಆ ವರ್ಷವೂ ಆಟ ಆಡಿಸಿ, ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ಗುಡ್ಡದ ಮೇಲೆ ಕವುಚಿಕೊಂಡಿತು. ಸುದ್ದಿ ತಿಳಿದು ನಾನೂ ಜಹೀರನೂ ಓಡಿದೆವು. ಊರು ಮುಟ್ಟುವ ಹೊತ್ತಿಗೆ ಹಳ್ಳ ಕೆಂಪಗೆ, ದಂಡೆಯಿಂದ ದಂಡೆಗೆ ಹರಿಯುತ್ತಿತ್ತು. ಹಿಂದೆ ಜೋಳ ಇದ್ದಲ್ಲಿ ಈಗ ಸುಳಿ. ಕಲ್ಲುಕಟ್ಟಡದ ತಲೆಗೆ ಇನ್ನೊಂದು ಮೊಳ ಬಾಕಿ ಇತ್ತು. ಆ ಎರಡು ಮೀಟರ್ ನೆನಪಾಗಿ ದೇವರಿಗೆಲ್ಲ ಹರಕೆ ಹೊತ್ತೆ.

ಈರಣ್ಣ ಎಲ್ಲಿ ಎಂದು ನೋಡಿದರೆ, ತನ್ನ ಹೊಲದ ಕಡೆ ಹೋಗಿಯೇ ಇರಲಿಲ್ಲ. ತಂಗಿಯ ಹೋಟೆಲಿನ ಹೊಸ್ತಿಲ ಮೇಲೆ ಕಂಬಳಿ ಹೊದ್ದು ಕೂತಿದ್ದ. ನೀರು ಬಂದರೆ ತಾನೇ ಅಡ್ಡ ಕೂತು ತಡೆಯುವವನ ಹಾಗೆ. ನೀರು ಬರಲಿಲ್ಲ. ಇಳಿಯುವುದಕ್ಕೆ ಶುರುವಾದಾಗ ಒಳಗಿನ ಕಡೆ ಮುಖ ಮಾಡದೆಯೇ ಕೂಗಿದ: "ಏ ಲಕ್ಷ್ಮೀ, ಎರಡು ವರ್ಷ ಆತು. ಉಗ್ಗಾಣಿ ಐತೇನು?" ಒಗ್ಗರಣೆ ಚುರ್ ಅಂದ ಸದ್ದು ಹೊರಗೆ ಬಂತು, ಆಕೆ ಮೂಗು ಏರಿಸಿಕೊಂಡ ಸದ್ದೂ ಬಂತು.

ಕೆರೆ ಆ ವರ್ಷ ಕೋಡಿ ಮುಟ್ಟಿತು. ಕೆಳಗಿನ ಹೊಲಗಳ ಕಡಲೆಗೆ ಎರಡು ಸಲ ನೀರು ಹಾಯಿಸಿದರು. ಚೆಕ್‌ಡ್ಯಾಮಿನ ನೀರು ಇಂಗಿ ಈರಣ್ಣನ ಬೋರಿನಲ್ಲೂ ನೀರು ಏರಿತು. ಕಳೆದುಕೊಂಡದ್ದಕ್ಕಿಂತ ಅವನಿಗೆ ಬಂದದ್ದೇ ಹೆಚ್ಚು ಎಂದು ನಾನು ಹೇಳಿದರೆ, "ನಿಮ್ಮ ಲೆಕ್ಕ ನಿಮಗ," ಅಂತ ಇವತ್ತಿಗೂ ಒಪ್ಪುವುದಿಲ್ಲ.

ಈಗಲೂ ಹೊಸ ಇಂಜಿನಿಯರುಗಳು ಮನೆಗೆ ಬಂದಾಗ ನಾನು ಒಂದು ಮಾತು ಹೇಳುತ್ತೇನೆ. ನೀರಿಗೆ ಜಾಗ ಕೇಳುವುದಕ್ಕೆ ಮೊದಲು ಆ ಊರಿನ ಹಬ್ಬಕ್ಕೆ ಹೋಗ್ರಪ್ಪಾ, ನೆಲದ ಮೇಲೆ ಕೂತು ಉಣ್ಣಿರಿ. ಯಾವುದು ತಮ್ಮದಲ್ಲ ಅಂತ ಜನಕ್ಕೆ ಗೊತ್ತಿರುತ್ತದೆ. ನಾವು ಸಭೆಯಲ್ಲಿ ಕೇಳಿದರೆ ವಾದ ಮಾಡುತ್ತಾರೆ, ಅವರ ತಾಯಿ ಭೂಮಿ ಕೇಳಿದರೆ ನಿಜ ಹೇಳುತ್ತಾರೆ. ಇಷ್ಟು ಕಲಿಯುವುದಕ್ಕೆ ನನಗೆ ಸರ್ವೀಸು ಪೂರ್ತಿ ಬೇಕಾಯಿತು.

ನಿವೃತ್ತಳಾದ ವರ್ಷ ಮತ್ತೆ ಎಳ್ಳಮಾಸಿಗೆ ಕರೆದರು. ಈರಣ್ಣ ಮುಂದೆ, ತಂಗಿ ಹಿಂದೆ. ಈಗ ಆ ಗೆರೆಯ ಮೇಲೆ ಗಟ್ಟಿ ಬದು ಇದೆ, ಆಚೆ ಹಳ್ಳ. ಈರಣ್ಣ ಕೊನೆಯ ಹಿಡಿ ಈಚೆಗೆ ಚೆಲ್ಲಿ ತಿರುಗಿದ. ಲಕ್ಷ್ಮವ್ವ ತಿರುಗಲಿಲ್ಲ. ಬದುವಿನ ಮೇಲೆ ನಿಂತು, ತಂಬಿಗೆಯಲ್ಲಿ ಉಳಿದ ನೀರನ್ನೆಲ್ಲ ಹಳ್ಳಕ್ಕೆ ಸುರಿದು ಕೈ ಮುಗಿದಳು.

"ತಗೋಳವಾ ಗಂಗಮ್ಮಾ," ಅಂದಳು. "ನಿನ್ನ ಮನಿ ನಿನಗ ಬಂತು. ನನ್ನ ಮನಿ ನನಗಿರಲಿ."